ಎತೆಲ್‌ನ ಮೊದಲ ಇಟ್ಟಿಗೆ

"ಸುರಿ ತಮ್ಮಾ. ಸುರಿದು ನಿನ್ ಕಾಲು ವಾಪಸ್ ಕೇಳ್ಕೋ," ಎಂದು ಮುದುಕಿ ತರೀಬಾ ಬಾರ್ಲಿ ಮದ್ಯದ ಬಟ್ಟಲು ಚಾಚಿದಳು.

ನದಿ ದಡದ ಸಿಪ್ಪಾರ್ ಊರಿನಲ್ಲಿ ಇಟ್ಟಿಗೆ ಕೊಯ್ಯುವವರಿಗೆ ಅದು ದಿನದ ರೂಢಿ. ಕೆಸರು ತುಳಿದವರು ಗುಂಡಿಯಿಂದ ಮೇಲೆ ಬಂದು, ಕೆಸರಿಗೆ ಒಂದು ಬಟ್ಟಲು ಸುರಿದು, ಕಾಲು ಬಿಟ್ಟುಕೊಡೆಂದು ಬೇಡಬೇಕು. ದೂರದ ಲಾರ್ಸಾ ಊರಿನಿಂದ ಹೊಸದಾಗಿ ಬಂದಿದ್ದ ಮೇಸ್ತ್ರಿ ಎತೆಲ್ ಬಟ್ಟಲನ್ನು ತಾನೇ ಗಟಗಟ ಕುಡಿದು ಬಾಯಿ ಒರೆಸಿಕೊಂಡ.

"ನನ್ ಕಾಲು ಮೊಣಕಾಲಿನ ಕೆಳಗೇ ಇದೆ ಕಣಜ್ಜಿ. ಕೆಸರಿಗ್ಯಾಕೆ ಕುಡಿಸ್ತೀಯ?"

"ನಗಬೇಡ. ಇದೇ ಊರಲ್ಲಿ ಒಬ್ಳು ಸವತಿ ಹೆಜ್ಜೆ ಮಣ್ಣು ತಂದು, ಹೆಸರು ಹೇಳಿ ಇಟ್ಟಿಗೆಗೆ ಹಾಕಿದ್ಳು. ಇಟ್ಟಿಗೆ ಒಣಗಿದ ಹಾಗೇ ಸವತೀನೂ ಒಣಗಿಹೋದ್ಳು. ನೀರಲ್ಲಿ ಕರಗಿಸಿದ್ರೆ ಉಳೀತಿದ್ಳು. ಕರಗಿಸೋರ್ಯಾರು?"

ಎತೆಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮುದುಕಿ ಬೈಯುತ್ತ, ಅವನ ಪರವಾಗಿ ಇನ್ನೊಂದು ಬಟ್ಟಲು ತಾನೇ ಸುರಿದಳು. ದಿನವೂ ಹೀಗೆಯೇ ನಡೆಯಿತು.

ಶಮಾಶ್ ದೇವರ ಹೊಸ ಗುಡಿಗೆ ಮೊದಲ ಇಟ್ಟಿಗೆ ಇಡಲು ಪೂಜಾರಿಗಳು ಇಪ್ಕುವನ್ನು ಆರಿಸಿದ ದಿನ ಆ ನಗು ಹೋಯಿತು. ಇಪ್ಕು ಊರಿನ ಮೇಸ್ತ್ರಿ, ವಯಸ್ಸಿನಲ್ಲಿ ಕಿರಿಯ, ಬಂದ ದಿನದಿಂದ ಎತೆಲ್‌ನನ್ನು ಅಣ್ಣಾ ಎಂದು ಕರೆದು ತನ್ನ ರೊಟ್ಟಿಯಲ್ಲಿ ಅರ್ಧ ಕೊಡುತ್ತಿದ್ದವನು. ಮೂರು ಊರುಗಳಲ್ಲಿ ಗೋಡೆ ಎಬ್ಬಿಸಿದವನು ನಾನಿರುವಾಗ ಈ ಎಳಸಿಗೆ ಮೊದಲ ಇಟ್ಟಿಗೆಯೇ? ಎತೆಲ್ ಆ ದಿನದ ರೊಟ್ಟಿಯನ್ನು ಮುಟ್ಟಲಿಲ್ಲ.

ಮಾಟದಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ನಂಬಿಕೆಯ ಹಂಗಿಲ್ಲ. ನಡುಮಧ್ಯಾಹ್ನ ಎಲ್ಲರೂ ಖರ್ಜೂರದ ನೆರಳಲ್ಲಿ ಮಲಗಿದ್ದಾಗ ಇಪ್ಕುವಿನ ಹೆಜ್ಜೆಯ ಧೂಳನ್ನು ಒಂದು ಹಿಡಿ ಕೆರೆದುಕೊಂಡ. ಜೊಂಡಿನ ಮರೆಯಲ್ಲಿ ಪುಟ್ಟ ಗುಂಡಿ ತೋಡಿ, ನೀರು, ಹೊಟ್ಟು ಸೇರಿಸಿ, ಇಪ್ಕುವಿನ ಹೆಸರು ಹೇಳುತ್ತ ಹೊತ್ತಿಳಿಯುವವರೆಗೂ ತುಳಿದ. ಕೆಸರು ಕೊಳೆತ ಮೀನಿನ ನಾತ ಹೊಡೆಯಿತು. ಹಸಿದ ಕರುವಿನಂತೆ ಪಾದಗಳನ್ನು ಚೀಪಿತು. ಅಚ್ಚಿಗೆ ತುಂಬಿ, ಗುರುತಿಗೆ ಹೆಬ್ಬೆರಳು ಒತ್ತಿ ಬಿಸಿಲಿಗಿಟ್ಟ. ಅವನ ಪರವಾಗಿ ಬಟ್ಟಲು ಸುರಿಯಲು ಅಲ್ಲಿ ಮುದುಕಿ ಇರಲಿಲ್ಲ.

ಮೂರನೆಯ ದಿನ ಇಪ್ಕುವಿನ ತುಟಿ ಒಡೆಯಿತು. "ಎಷ್ಟ್ ಕುಡಿದ್ರೂ ದಾಹ ಹೋಗ್ತಿಲ್ಲ ಅಣ್ಣಾ," ಎಂದ.

ಎತೆಲ್‌ಗೆ ಖುಷಿಯಾಯಿತು, ಮನಸಾರೆ ಖುಷಿಯಾಯಿತು. ಸಂಜೆಯ ಹೊತ್ತಿಗೆ ಎತೆಲ್‌ನ ನಾಲಿಗೆಯೂ ಅಂಗುಳಿಗೆ ಅಂಟಿತು.

ಗಡಿಗೆ ಖಾಲಿ ಮಾಡಿದ. ನದಿಗೇ ಬಾಯಿ ಹಚ್ಚಿದ. ಗಂಟಲಲ್ಲಿ ಹೊಟ್ಟು ಚುಚ್ಚಿದ ಹಾಗೆ. ಅಂಗಾಲು ಸೀಳಿತ್ತು. ಸೀಳಿನಿಂದ ರಕ್ತ ಬರಲಿಲ್ಲ, ಧೂಳು ಉದುರಿತು. ತರೀಬಾಳ ಗುಡಿಸಲಿಗೆ ಓಡಿದ. ಅವಳು ಪಾದ ನೋಡಿ ಹಿಂದೆ ಸರಿದಳು.

"ಅಯ್ಯೋ, ಕಾಲು ಕೇಳ್ದೇ ಎಲ್ಲಿ ತುಳ್ದೆ? ಯಾರ ಹೆಸರಲ್ಲಿ ಇಟ್ಟಿಗೆ ಕೊಯ್ದೆ? ಅದನ್ನ ಈಗ್ಲೇ ನದಿಗೆ ಹಾಕೋ!"

ಇಟ್ಟಿಗೆ ಹಿಡಿದು ದಡದಲ್ಲಿ ನಿಂತ. ಹಾಕಿದರೆ ತಾನು ಉಳಿಯುತ್ತಾನೆ. ಇಪ್ಕುವೂ ಉಳಿಯುತ್ತಾನೆ, ನಾಳೆ ಅವನೇ ಮೊದಲ ಇಟ್ಟಿಗೆ ಇಡುತ್ತಾನೆ. ಅದೊಂದನ್ನು ಅವನಿಂದ ಸಹಿಸಲಾಗಲಿಲ್ಲ. ಒಂದೇ ರಾತ್ರಿ ತಡೆಯೋಣ, ಮೊದಲು ಅವನು ಬೀಳಲಿ ಎಂದುಕೊಂಡ. ಇಟ್ಟಿಗೆಯಲ್ಲಿ ಇಪ್ಕುವಿನದು ಒಂದು ಹಿಡಿ ಧೂಳು, ತನ್ನವು ಎರಡು ಕಾಲು, ಅರ್ಧ ದಿನದ ತುಳಿತ, ಮೊದಲು ಒಣಗುವವನು ತಾನೇ ಎಂಬುದು ಆ ಕಿಚ್ಚಿನಲ್ಲಿ ಹೊಳೆಯಲಿಲ್ಲ. ಹಾಕಿಬಿಟ್ಟೆ ಎಂದು ಮುದುಕಿಗೆ ಸುಳ್ಳು ಹೇಳಿ, ಇಟ್ಟಿಗೆಯನ್ನು ಎದೆಗವಚಿಕೊಂಡು ಚಾಪೆಯ ಮೇಲೆ ಬಿದ್ದುಕೊಂಡ.

ಬೆಳಗಾಯಿತು. ಏಳಲಾಗಲಿಲ್ಲ. ರೆಪ್ಪೆ ಮಿಟುಕಿಸಿದರೆ ಕರಕರ ಸದ್ದು. ಬಾಗಿಲಲ್ಲಿ ಇಪ್ಕು ನಿಂತಿದ್ದ. ಸೊರಗಿದ್ದ, ಆದರೆ ನಿಂತಿದ್ದ. ಅವನ ಕಣ್ಣು ಇಟ್ಟಿಗೆಯ ಮೇಲೆ ಬಿತ್ತು.

"ಜ್ವರದಲ್ಲೂ ಇದನ್ನ ಬಿಟ್ಟಿಲ್ವಲ್ಲ ಅಣ್ಣಾ. ಗುಡಿಗೇಂತ ಕೊಯ್ದಿದ್ದಾ? ನಿನ್ನಾಸೆ ನಂಗೊತ್ತಿತ್ತು. ಮೊದಲ್ನೇದು ನಿನ್ನ ಇಟ್ಟಿಗೇನೇ ಆಗ್ಲಿ."

ಬೇಡ! ನಾಲಿಗೆ ಹೊರಳಲಿಲ್ಲ. ಬೇಡ ಕಣೋ! ಗಂಟಲಿನಿಂದ ಧೂಳು ಬಂತು. ಆಳುಗಳು ಅವನನ್ನು ಚಾಪೆ ಸಮೇತ ಎತ್ತಿ ತಂದರು. ಡೋಲು ಬಡಿಯಿತು. ಕುದಿಯುವ ಡಾಂಬರಿನ ಕಮಟು. ತನ್ನದೇ ಹೆಬ್ಬೆರಳಿನ ಗುರುತು. ಇಪ್ಕು ಬಗ್ಗಿದ. ಇಟ್ಟಿಗೆ ಪಾಯದಲ್ಲಿ ಕೂತಿತು. ಜನ ಎತೆಲ್‌ನ ಹೆಸರು ಹೇಳಿ ಜಯಕಾರ ಹಾಕಿದರು. ಕಪ್ಪು ಡಾಂಬರು ಇಟ್ಟಿಗೆಯನ್ನು ಪೂರ್ತಿ ಮುಚ್ಚಿತು.

"ಇನ್ನು ಸಾವಿರ ವರ್ಷ ಹೋದ್ರೂ ಇದಕ್ಕೊಂದು ಹನಿ ನೀರು ತಾಗಲ್ಲ, ನೋಡಣ್ಣಾ," ಎಂದು ಇಪ್ಕು ಒಡೆದ ತುಟಿ ನೆಕ್ಕಿಕೊಳ್ಳುತ್ತ ನಕ್ಕ, ಮತ್ತೆ ನೀರಿನ ಗಡಿಗೆಗೆ ಕೈಚಾಚಿದ.