ಪಕ್ಕದ ಸೀಟಿನ ಅಳತೆ

ಎರಡೇ ಸೀಟಿರುವ ಕಾರಿನಲ್ಲಿ ಎರಡನೆಯ ಸೀಟು ಯಾರಿಗೆ?

ಈ ಪ್ರಶ್ನೆಯ ಗಾಂಭೀರ್ಯವನ್ನು ಓದುಗರು ಮೊದಲೇ ಮನಗಾಣಬೇಕು. ವರ್ಕ್‌ಶಾಪ್ ಬೀದಿಯ ಹನ್ನೊಂದು ಅಂಗಡಿಗಳು ಈ ವಿಷಯವಾಗಿ ಎರಡು ವಾರ ಕೆಲಸ ಮರೆತಿದ್ದವು. ಒಂದು ಲಾರಿ ರೇಡಿಯೇಟರ್ ಇಲ್ಲದೆ ಅನಾಥವಾಗಿ ನಿಂತಿತ್ತು. ಒಬ್ಬ ಪಾಪದ ಪೋಸ್ಟ್‌ಮ್ಯಾನ್ ತನ್ನ ಭುಜಗಳನ್ನು ಕನ್ನಡಿಯಲ್ಲಿ ನೋಡಿಕೊಳ್ಳುವಂತಾಗಿತ್ತು. ತಗಡನ್ನು ಹೇಳಿದಂತೆ ಕೇಳಿಸುವ ಗಟ್ಟಿ ಆಸಾಮಿಯೊಬ್ಬ ಟೀ ಕುಡಿಯುವುದನ್ನೇ ಬಿಟ್ಟಿದ್ದ.

ಮೊದಲಿನಿಂದ ಹೇಳುವುದೇ ಒಳ್ಳೆಯದು.

ಆ ಕಾರು ಬೀದಿಗೆ ಬಂದದ್ದು ಟೆಂಪೋದ ಹಿಂದೆ ಹಗ್ಗ ಕಟ್ಟಿಸಿಕೊಂಡು. ತಗ್ಗು ಮೈ, ಉದ್ದ ಮೂತಿ, ಎರಡು ಬಾಗಿಲು. ಒಂದು ಕಾಲಕ್ಕೆ ಜನ ತಿರುಗಿ ನೋಡುತ್ತಿದ್ದ ಸ್ಪೋರ್ಟ್ಸ್ ಕಾರು... ಆಮೇಲೆ ನಿವೃತ್ತ ಹಲ್ಲಿನ ಡಾಕ್ಟರೊಬ್ಬರ ಶೆಡ್ಡಿನಲ್ಲಿ ಒಂಬತ್ತು ವರ್ಷ, ಬೆಕ್ಕುಗಳ ಬಾಣಂತಿ ಕೋಣೆ. ಸೋಫಾ ಹೊಲಿದ ಕೂಲಿಯ ಬದಲು ಡಾಕ್ಟರು ಅದನ್ನು ಕೊಟ್ಟುಬಿಟ್ಟಿದ್ದರು. ಬೆಕ್ಕುಗಳನ್ನು ಮಾತ್ರ ತಾವೇ ಇಟ್ಟುಕೊಂಡಿದ್ದರು.

ಸ್ಟೀರಿಂಗ್ ಹಿಡಿದು ಮಹಾರಾಣಿಯಂತೆ ಕೂತು ಬಂದವಳು ಬೀದಿಯ ಸೀಟಿನವಳು. ಚಿಕ್ಕಮ್ಮನ ಜೊತೆ ಕೊನೆಯ ಅಂಗಡಿಯಲ್ಲಿ ಕಾರು ಸೀಟು, ಸೋಫಾ ಹೊಲಿಯುತ್ತಿದ್ದವಳು. ವಯಸ್ಸು ಮೂವತ್ತೊಂದು. ಕೈಯಲ್ಲಿ ಸದಾ ಬಾಗಿದ ಸೂಜಿ, ಬಾಯಲ್ಲಿ ನೆಟ್ಟಗಿನದು. ಬೀದಿ ಅವಳಿಗೆ ಇಟ್ಟ ಹೆಸರು ‘ಸೂಜಿ’.

ಕಾರು ನಿಂತದ್ದೇ ತಡ, ಎದುರು ಶೆಡ್ಡಿಗೆ ವಾರದ ಹಿಂದಷ್ಟೇ ಬಂದಿದ್ದ ಹೊಸ ಟಿಂಕರ್ ಎದ್ದು ಬಂದ. ನೆಗ್ಗು ತೆಗೆಯುವವನು. ಅಂಗೈಯ ಕೆಳಗೆ ಒಂದು ಹತ್ತಿ ಬಟ್ಟೆ ಇಟ್ಟುಕೊಂಡ. ಕಣ್ಣು ಮುಚ್ಚಿದ. ಕಾರಿನ ಮೂತಿಯಿಂದ ಸವರುತ್ತಾ ಹೊರಟ.

"ರೀ! ಏನ್ರೀ ಅದು? ಎಮ್ಮೆ ಮೈ ಸವರೋ ಹಾಗೆ?"

"ಶ್..."

"ನಂಗೇ ಶ್ ಅಂತೀರಾ!"

ಅವನು ಕಣ್ಣು ತೆರೆಯಲಿಲ್ಲ. "ಈ ಪಕ್ಕದ ಬಾಗಿಲಿಗೆ ಎರಡು ಸಲ ಪೆಟ್ಟು ಬಿದ್ದಿದೆ. ಒಂದು ಗೇಟಿಗೆ ತಗುಲಿದ್ದು. ಇನ್ನೊಂದು... ಯಾರೋ ಸಿಟ್ಟಲ್ಲಿ ಒದ್ದಿದ್ದು."

"ಒದ್ದಿದ್ದು ಅಂತ ಹೇಗ್ ಗೊತ್ತು?"

"ಬೂಟಿನ ತುದಿ ಇದೆ ಇಲ್ಲಿ. ಕೈ ಕೊಡಿ."

ಕೊಡುವ ಮೊದಲೇ ತೆಗೆದುಕೊಂಡ. ಬಟ್ಟೆಯ ಮೇಲೆ ಅವಳ ಅಂಗೈ ಇಟ್ಟು ಮೆಲ್ಲಗೆ ಜಾರಿಸಿದ. ಹೌದು! ಕಣ್ಣಿಗೆ ಕಾಣದ ಒಂದು ಪುಟ್ಟ ಹಳ್ಳ. ಅಂಗೈಯ ಕೆಳಗೆ ಹಳ್ಳ, ಅಂಗೈಯ ಮೇಲೆ ಅವನ ಕೈ... ಅವಳ ಗಮನ ಯಾವುದರ ಮೇಲಿತ್ತೆಂದು ದಯವಿಟ್ಟು ಕೇಳಬೇಡಿ.

"ಕೈಗೆ ಸಿಗೋದು ಕಣ್ಣಿಗೆ ಸಿಗಲ್ಲ," ಎಂದ.

"ನಂಗೆ ಕಣ್ಣೇ ಸಾಕು," ಅವಳು ಕೈ ಎಳೆದುಕೊಂಡಳು. "ಜನ ಬಾಗಿಲಲ್ಲಿ ನಿಂತ್ರೆ ಸಾಕು, ಅವರ ಸೀಟಿನ ಅಳತೆ ಹೇಳ್ತೀನಿ. ಟೇಪ್ ಮುಟ್ಟಲ್ಲ."

"ಹಾಗಾದ್ರೆ ನನ್ನ ಅಳತೆ?"

"ನಿಮ್ಗೆ ಯಾರೂ ಸೀಟ್ ಹೊಲೀತಿಲ್ಲವಲ್ಲ. ಆಮೇಲೆ ನೋಡೋಣ."

ಪೇಂಟ್ ಅಂಗಡಿಯ ಅಣ್ಣ, ಅಂದರೆ ಬೀದಿಯ ವಾರ್ತಾ ಇಲಾಖೆ, ಇದನ್ನು ಕೇಳಿಸಿಕೊಂಡು ಬ್ರಷ್ಷನ್ನು ಟೀ ಲೋಟದಲ್ಲಿ ಅದ್ದಿದ.

*

"ಯಾಕೇ ಇದು?" ಎಂದು ಚಿಕ್ಕಮ್ಮ ಅಂದು ಕೇಳಿದಳು. "ಹಾಲು ತರೋಕಾ, ಸಾಮಾನು ಹೊರೋಕಾ? ಹಿಂದೆ ಒಂದು ಚೀಲ ಇಡೋಕೂ ಜಾಗ ಇಲ್ಲ!"

ಹದಿಮೂರು ವರ್ಷ ಸೂಜಿ ಊರಿನ ಕಾರುಗಳಿಗೆ ಸೀಟು ಹೊಲಿದಿದ್ದಳು. ಹೊಲಿದ ಮೇಲೆ ಒಮ್ಮೆ ಕೂತು ನೋಡುವುದು, ‘ಸರಿ’ ಎನ್ನುವುದು, ಇಳಿಯುವುದು. ಕಾರು ಹೊರಟುಹೋಗುತ್ತದೆ. ಹೊಲಿದ ಒಂದು ಸೀಟೂ ಅವಳು ಕೂತಿದ್ದಾಗ ಇದುವರೆಗೆ ಚಲಿಸಿರಲಿಲ್ಲ.

"ಚಿಕ್ಕಮ್ಮ, ನಾನು ಹೊಲಿದ ಸೀಟಲ್ಲಿ ಕೂತು ಬೀದಿ ಕೊನೆಯ ಆ ತಿರುವಿನ ಆಚೆ ಏನಿದೆ ಅಂತ ನೋಡ್ಬೇಕು."

"ತಿರುವಿನ ಆಚೆ ಪೆಟ್ರೋಲ್ ಬಂಕ್ ಇದೆ."

"ಅದನ್ನೇ ನೋಡ್ತೀನಿ."

ಕೈಯಲ್ಲಿ ದುಡ್ಡಿರಲಿಲ್ಲ, ಹಾಗಾಗಿ ತಲೆ ಓಡಬೇಕಾಯಿತು. ಎಂಜಿನ್ ರಿಪೇರಿಯ ತಾತನಿಗೆ ಸೊಂಟ ನೋಯದ ಕುರ್ಚಿ ಮಾಡಿಕೊಟ್ಟಳು. ಎಂಜಿನ್ ಕೆಮ್ಮಿ, ಕ್ಯಾಕರಿಸಿ, ಉಸಿರಾಡಿತು. ಪೇಂಟಿನಣ್ಣ ಮೂರು ಡಬ್ಬಗಳ ತಳದಲ್ಲಿ ಉಳಿದ ಬಣ್ಣ ಕಲಸಿ ಒಂದು ಗಾಢ ಹಸಿರು ತೆಗೆದ. ಅದಕ್ಕೆ ಹೆಸರಿಲ್ಲ. "ನೋಡಮ್ಮ, ಗೀರು ಬಿದ್ರೆ ಮುಗೀತು. ಇದನ್ನ ಮತ್ತೆ ಕಲಸೋಕೆ ನಂಗೂ ಬರಲ್ಲ," ಎಂದ. ಸೀಟಿಗೆ ಚರ್ಮ ಸಿಕ್ಕಿದ್ದು ಬಾಗಿಲು ಮುಚ್ಚಿದ ಸಿನಿಮಾ ಟಾಕೀಸಿನ ಬಾಲ್ಕನಿ ಕುರ್ಚಿಗಳಿಂದ. ಹರಿಯದ ತುಂಡುಗಳನ್ನಷ್ಟೇ ಆರಿಸಿ, ತೊಳೆದು, ಎಣ್ಣೆ ಕುಡಿಸಿದಳು. ಚಾಲಕಿಯ ಬಾಗಿಲಿಗೆ ಕತ್ತರಿ ಇಡುವ ಜೇಬು. ಗೇರಿನ ಹಿಡಿಗೆ ಹಳೆಯ ಹೊಲಿಗೆ ಯಂತ್ರದ ಮರದ ಗುಂಡಿ.

ಟಿಂಕರ್ ಕೂಲಿ ಕೇಳಲಿಲ್ಲ. "ನಿಮ್ಮ ಅಂಗಡಿ ಬೆಂಚು, ಎರಡು ಹೊತ್ತು ಟೀ," ಎಂದ. ಬೆಳಿಗ್ಗೆ ಹತ್ತೂವರೆಗೆ, ಸಂಜೆ ನಾಲ್ಕಕ್ಕೆ ಬರುತ್ತಿದ್ದ.

ನಾಲ್ಕು ತಿಂಗಳು!

ಅವನು ಕೇಳುತ್ತಿದ್ದ ಪ್ರಶ್ನೆಗಳೂ ಎಂಥವು... "ದಾರ ಮೊದಲು ಹರಿಯೋದೋ, ಚರ್ಮ ಮೊದಲೋ?" "ಒಬ್ಬರೇ ಕೂರೋ ಸೋಫಾ ಯಾವ ಕಡೆ ಕುಸಿಯುತ್ತೆ?" ಅವಳ ಕೆಲಸದ ಬಗ್ಗೆ ಇಷ್ಟು ಕುತೂಹಲದಿಂದ ಯಾರೂ ಕೇಳಿರಲಿಲ್ಲ. ಅವಳು ಉತ್ತರ ಹೇಳುತ್ತಾ ಅವನನ್ನು ನೋಡುತ್ತಿದ್ದಳು. ಅಳತೆ ತೆಗೆಯುವ ಕಣ್ಣು ಸುಮ್ಮನೆ ನೋಡಲಾರದು. ಅವನ ಎಡಭುಜ ಬೆರಳಗಲ ತಗ್ಗು. ಬೆನ್ನು ಕಿಟಕಿಯ ಕಡೆ ವಾಲುತ್ತದೆ. ಮೊಣಕಾಲಿಗೆ ಜಾಗ ಜಾಸ್ತಿ ಬೇಕು. ಮತ್ತೆ, ಬೆಂಚಿನ ಅಂಚಿನಲ್ಲಿ ಕೈ ಇಟ್ಟರೆ ಹೊಲಿಗೆಯ ಗೆರೆ ತಾಗಿದ ಕೂಡಲೇ ಬೆರಳು ಹಿಂದಕ್ಕೆ ಸರಿಯುತ್ತದೆ, ಮುಳ್ಳು ಚುಚ್ಚಿದ ಹಾಗೆ.

ಪಕ್ಕದ ಸೀಟಿಗೆ ಸ್ಪಂಜು ಕತ್ತರಿಸುವ ದಿನ ಅವಳು ‘ಸಾಮಾನ್ಯ ಅಳತೆ’ ಎಂದುಕೊಂಡೇ ಕತ್ತರಿ ಹಿಡಿದಳು. ಕತ್ತರಿ ಎಡಭುಜದ ಹತ್ತಿರ ತಾನಾಗಿ ಬೆರಳಗಲ ತಗ್ಗಿತು. ನೋಡಿದಳು. ತಡೆಯಲಿಲ್ಲ.

‘ಹೇಳೋಕಂತೂ ನನ್ನಿಂದ ಆಗಲ್ಲ. ಇದಾದರೂ ಹೇಳಲಿ...’

*

ಅನಾಹುತ ಆದದ್ದು ಒಂದು ಮಂಗಳವಾರ, ಹತ್ತೂವರೆಯ ಟೀಗೆ. ಪಕ್ಕದ ಬಾಗಿಲನ್ನು ಕಳಚಿ ಶೆಡ್ಡಿಗೆ ಒಯ್ದಿದ್ದ ಟಿಂಕರ್ ಅದರ ಅಳತೆ ನೋಡಲೆಂದು ಒಳಗೆ ಬಂದ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಸೀಟು. ಕೈ ಸುಮ್ಮನಿರುತ್ತದೆಯೇ? ಕಣ್ಣು ಮುಚ್ಚಿ, ಬಟ್ಟೆಯ ಮೇಲೆಯೇ ಸವರಿದ. ಬೆನ್ನಿನ ಮಧ್ಯದಲ್ಲಿ ಕೈ ನಿಧಾನವಾಯಿತು. ಭುಜದ ಹತ್ತಿರ ನಿಂತಿತು.

ಅವಳ ಎದೆ ಹೊಲಿಗೆ ಯಂತ್ರದಂತೆ ಓಡತೊಡಗಿತು.

"ಇದು... ಗಂಡಸಿಗೆ ಮಾಡಿದ್ದು."

"ಹೌದು."

"ಉದ್ದ ಆಸಾಮಿ. ಎಡಭುಜ ತಗ್ಗು."

"ಹೌದು..."

"ಗೊತ್ತಿರೋರಾ?"

"ದಿನಾ ನೋಡ್ತೀನಿ," ಎಂದಳು ನೆಲ ನೋಡುತ್ತಾ. ಅವಳ ಪಾಲಿಗೆ ಅದೇ ದೊಡ್ಡ ಭಾಷಣ.

ಅವನು ಕಣ್ಣು ತೆರೆದ. ಟೀ ಲೋಟವನ್ನು ಮೇಜಿನ ಮೇಲಿಟ್ಟ. "ಒಳ್ಳೆ ಕೆಲಸ. ಅದೃಷ್ಟವಂತ," ಎಂದು ಹೊರಟುಹೋದ. ಟೀ ಪೂರ್ತಿ ಹಾಗೇ ಇತ್ತು.

ಸಂಜೆ ಬರಲಿಲ್ಲ. ಮರುದಿನವೂ ಇಲ್ಲ.

‘ಗೊತ್ತಾಯ್ತು ಅವನಿಗೆ! ಗೊತ್ತಾಗಿ ಓಡಿಹೋದ,’ ಎಂದುಕೊಂಡಳು ಸೂಜಿ. ‘ಅದೃಷ್ಟವಂತ ಅಂತ ಬೇರೆ! ಅಣಕ!’

‘ಯಾರೋ ಇದ್ದಾನೆ,’ ಎಂದುಕೊಂಡ ಎದುರು ಶೆಡ್ಡಿನಲ್ಲಿ ಟಿಂಕರ್. ‘ದಿನಾ ನೋಡ್ತಾಳಂತೆ.’ ಸುತ್ತಿಗೆಯ ಸದ್ದು ಆ ವಾರ ಬೀದಿಯ ಆ ತುದಿಗೂ ಕೇಳುತ್ತಿತ್ತು.

ನಡುವೆ ಪೇಂಟಿನಣ್ಣ ಸುಮ್ಮನಿರಬೇಕಲ್ಲ! ಸೀಟಿನ ವಿವರ ಹೇಗೋ ತಿಳಿದುಕೊಂಡು ತನಿಖೆ ಆರಂಭಿಸಿದ. ಉದ್ದ ಆಳು, ದಿನಾ ಕಾಣುವವನು, ಎಡಭುಜ ತಗ್ಗು... ಯಾರು? ಹನ್ನೊಂದು ಅಂಗಡಿಗಳ ಕಣ್ಣು ಒಟ್ಟಿಗೆ ಪೋಸ್ಟ್‌ಮ್ಯಾನ್ ಮೇಲೆ ಬಿತ್ತು. ಎಡಭುಜಕ್ಕೆ ಚೀಲ ಹಾಕಿಕೊಂಡು ಇಪ್ಪತ್ತು ವರ್ಷ ನಡೆದ ಮನುಷ್ಯ!

ರೇಡಿಯೇಟರ್ ಅಂಗಡಿಯವನು ಕೈ ಕುಲುಕಿ ಶುಭಾಶಯ ಹೇಳಿದ ದಿನ ಪೋಸ್ಟ್‌ಮ್ಯಾನ್ ನೇರ ಸೂಜಿಯ ಅಂಗಡಿಗೆ ಬಂದ.

"ತಂಗೀ, ನಂಗೆ ಎರಡು ಮಕ್ಕಳಿದಾರೆ. ಮನೇಲಿ ಯಜಮಾನತಿ ಸ್ವಲ್ಪ ಜೋರು. ಏನೋ ಸೀಟು ಅಂತಿದಾರೆ ಎಲ್ರೂ... ನಾನೇನಾದ್ರೂ ಸಹಿ ಗಿಹಿ ಮಾಡಿದೀನಾ?"

ಚಿಕ್ಕಮ್ಮ ನಗು ತಡೆಯಲಾರದೆ ಒಳಗೆ ಹೋದಳು. ಪೋಸ್ಟ್‌ಮ್ಯಾನ್ ಹೋದ ಮೇಲೆ ಹೊರಗೆ ಬಂದಳು. ಆಗ ನಗು ಇರಲಿಲ್ಲ.

"ಕಾರಿನ ಬಾಗಿಲು ಎಲ್ಲೇ?"

"ಶೆಡ್ಡಲ್ಲಿ. ಇನ್ನೂ ಆಗಿಲ್ವಂತೆ. ಪೇಂಟಿನಣ್ಣ ಮೂರು ಸಲ ಕೇಳಿ ಬಂದ."

"ಎರಡು ನೆಗ್ಗಿಗೆ ಎರಡು ವಾರ! ಅವನು ಬಸ್ಸನ್ನೇ ಆರು ದಿನದಲ್ಲಿ ನೆಟ್ಟಗೆ ಮಾಡ್ದೋನು." ಚಿಕ್ಕಮ್ಮ ಅವಳ ಮುಖ ನೋಡಿದಳು. "ಸೀಟು ಯಾರದ್ದು ಅಂತ ನಂಗೆ ಸ್ಪಂಜು ಕತ್ತರಿಸಿದ ದಿನಾನೇ ಗೊತ್ತು. ಅವನಿಗೆ ಗೊತ್ತಾ?"

"ಗೊತ್ತಾಗಿದ್ದಕ್ಕೇ ಬರ್ತಿಲ್ಲ, ಚಿಕ್ಕಮ್ಮ." "ನೆಗ್ಗು ಕೈಯಲ್ಲಿ ಓದೋನಿಗೆ ಇದು ಗೊತ್ತಾಗಲ್ವಾ?"

"ಅವನು ಬಾಯಿಬಿಟ್ಟು ಹೇಳಿದ್ನಾ?"

ಅವಳ ಕೈಯ ಸೂಜಿ ನಿಂತಿತು.

ಇಲ್ಲ. ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಇಬ್ಬರೂ ಬಟ್ಟೆ ಮುಚ್ಚಿದ ಒಂದು ಸೀಟಿನ ಮೇಲೆ ಇಡೀ ಜವಾಬ್ದಾರಿ ಹೊರಿಸಿ ಮನೆಗೆ ಹೋಗಿದ್ದರು!

‘ಇಲ್ಲ ಅಂದ್ರೆ ಇಲ್ಲ ಅಂತ ಅವನ ಬಾಯಲ್ಲೇ ಕೇಳ್ತೀನಿ... ಆಮೇಲೆ ಒಬ್ಬಳೇ ಪೆಟ್ರೋಲ್ ಬಂಕ್ ನೋಡ್ಕೊಂಡು ಬರ್ತೀನಿ.’

*

ಮಧ್ಯಾಹ್ನ ಮೂರಕ್ಕೆ ಹಸಿರು ಕಾರು ಸ್ವಂತ ಕಾಲ ಮೇಲೆ ಬೀದಿಗಿಳಿಯಿತು. ಪಕ್ಕದ ಬಾಗಿಲಿಲ್ಲದೆ, ಒಂದು ಕಿವಿಯ ಓಲೆ ಕಳೆದುಕೊಂಡ ಮದುಮಗಳಂತೆ. ಪಯಣದ ಒಟ್ಟು ದೂರ: ರಸ್ತೆ ದಾಟುವಷ್ಟು. ಶೆಡ್ಡಿನ ಮುಂದೆ ನಿಂತಿತು.

ಟಿಂಕರ್ ಹೊರಬಂದ. ಬಣ್ಣವನ್ನು ನೋಡಿದ, ಸೀಟನ್ನು ನೋಡಲಿಲ್ಲ.

"ಬಾಗಿಲು ಇನ್ನೂ..."

"ಬಾಗಿಲು ಆಮೇಲೆ. ಕೂತ್ಕೊಳ್ಳಿ."

"ನಾನ್ಯಾಕೆ? ಯಾರಿಗೆ ಮಾಡಿದ್ದೀರೋ ಅವರು ಕೂರ್ಲಿ."

ಅವಳಿಗೆ ಅರೆಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅಯ್ಯೋ... ಗೊತ್ತೇ ಆಗಿಲ್ಲ ಈ ಮನುಷ್ಯನಿಗೆ!

"ಒಂದು ನಿಮಿಷ ಕೂತ್ರೆ ನಿಮ್ಮ ಗಂಟೇನೂ ಹೋಗಲ್ಲ. ಕೂತ್ಕೊಳ್ರೀ!"

ಪೇಂಟಿನಣ್ಣನ ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕಿತು.

ಅವನು ಬಗ್ಗಿ, ಒಳ್ಳೆಯ ಮನಸ್ಸಿಲ್ಲದೆ, ಒಳಗೆ ಕೂತ.

ಮೊದಲು ಮೊಣಕಾಲು ಚಾಚಿತು, ಎಲ್ಲೂ ತಾಗಲಿಲ್ಲ. ಬೆನ್ನು ಕಿಟಕಿಯ ಕಡೆ ವಾಲಿತು. ಸೀಟು ಅಲ್ಲಿ ಮೊದಲೇ ಕಾದಿತ್ತು. ಎಡಭುಜ ಇಳಿಯಿತು, ಇಳಿದಲ್ಲಿ ಜಾಗವಿತ್ತು. ಕೈ ಅಭ್ಯಾಸದಂತೆ ಅಂಚಿಗೆ ಹೋಗಿ, ಹೊಲಿಗೆಯ ಗೆರೆಗೆ ಹೆದರಿ ಅರ್ಧದಲ್ಲಿ ನಿಂತು... ಮತ್ತೆ ಮುಂದಕ್ಕೆ ಸವರಿತು. ಗೆರೆ ಇರಲಿಲ್ಲ. ಅಂಗೈಯಗಲ ಜಾಗದಲ್ಲಿ ಒಂದೇ ಒಂದು ಹೊಲಿಗೆಯೂ ಇರಲಿಲ್ಲ.

ಅವನು ಕಣ್ಣು ಮುಚ್ಚಿದ. ಬಹಳ ಹೊತ್ತು ತೆರೆಯಲಿಲ್ಲ.

"ನಂದು... ಎಡಭುಜ ತಗ್ಗಾ?"

"ಬೆರಳಗಲ. ಇಷ್ಟು ವರ್ಷ ಎಡಗೈಲಿ ತಗಡಿನ ಹಿಂದೆ ಆ ಕಬ್ಬಿಣದ ಗಟ್ಟಿ ಒತ್ತಿ ಹಿಡಿದ್ರೆ ಇನ್ನೇನಾಗುತ್ತೆ? ಊರಿನ ನೆಗ್ಗೆಲ್ಲ ಓದ್ತೀರಿ, ನಿಮ್ಮದು ಗೊತ್ತಿಲ್ವಾ?"

"ನನ್ನ ಮೇಲೆ ನಾನು ಯಾವತ್ತೂ ಕೈ ಆಡಿಸಿ ನೋಡಿಲ್ಲ."

ಅವಳಿಗೆ ನಗುವೂ ಅಳುವೂ ಒಂದೇ ಬಾಗಿಲಿಗೆ ನುಗ್ಗಿದವು. "ಅದಕ್ಕೇ ನಾನು ನೋಡ್ದೆ," ಎಂದಳು. ದನಿ ಸೂಜಿಯದಾಗಿರಲಿಲ್ಲ. "ನಾಲ್ಕು ತಿಂಗಳು. ದಿನಾ ಎರಡು ಸಲ."

"ಟೇಪ್ ಮುಟ್ಟದೆ?"

"ಮುಟ್ಟದೆ."

ಅವನು ಈಗ ಕಣ್ಣು ತೆರೆದು ಅವಳನ್ನೇ ನೋಡಿದ. "ಬಾಗಿಲು ಮುಗಿದು ಹತ್ತು ದಿನ ಆಯ್ತು. ಅದನ್ನ ಹಾಕಿದ್ರೆ ಯಾರೋ ಒಳಗೆ ಕೂತು ಮುಚ್ಕೋತಾನೆ ಅಂತ... ನಯ ಮಾಡಿದ್ದನ್ನೇ ಮತ್ತೆ ನಯ ಮಾಡ್ತಾ ಇದ್ದೆ."

"ಪೋಸ್ಟ್‌ಮ್ಯಾನ್ ಅಂದ್ಕೊಂಡ್ರಾ?"

"ನಿನ್ನೆ ಅವನು ತಂದ ಕಾಗದ ಇಸ್ಕೊಳ್ಳಲಿಲ್ಲ ನಾನು."

ಅವಳು ಜೋರಾಗಿ ನಕ್ಕಳು. ಅವನ ಕೈ ಹೊಲಿಗೆಯಿಲ್ಲದ ಆ ಜಾಗದಿಂದ ಎದ್ದು ಗೇರಿನ ಗುಂಡಿಯ ಮೇಲಿದ್ದ ಅವಳ ಕೈಯನ್ನು ಹುಡುಕಿತು. ಈ ಸಲ ನಡುವೆ ಬಟ್ಟೆ ಇರಲಿಲ್ಲ.

"ಆ ತಿರುವಿನ ಆಚೆ ಏನಿದೆ?" ಎಂದು ಕೇಳಿದ.

"ಪೆಟ್ರೋಲ್ ಬಂಕ್."

"ಅದರ ಆಚೆ?"

"ಗೊತ್ತಿಲ್ಲ. ಬರ್ತೀರಾ?"

"ಬರ್ತೀನಿ. ಬಾಗಿಲು ಹಾಕ್ಕೊಂಡು ಬರ್ತೀನಿ."

ಪೋಸ್ಟ್‌ಮ್ಯಾನ್ ಕಾಗದ ಮತ್ತೆ ತಂದುಕೊಟ್ಟ. ಪಕ್ಕದ ಬಾಗಿಲನ್ನು ಆ ಸಂಜೆ ನಾಲ್ಕಕ್ಕೆ ಕೂರಿಸಿದರು. ಎರಡನೆಯ ಸಲಕ್ಕೆ ಸರಿಯಾಗಿ ಮುಚ್ಚಿತು.