ಪಾಸ್ತಾ ಊಟಕ್ಕೆ ಬಂದ ಓಣಿ

ಬಾಗಿಲು ತೆರೆದ ಗಂಗಾಂಬಿಕಾ ಬಾಯಿ ತೆರೆದು ಹಾಗೇ ನಿಂತುಬಿಟ್ಟಳು.

ಬರಬೇಕಾದವರು ಇಬ್ಬರೇ. ಅವಳ ಕ್ಲಾಸಿನ ನಿಹಾರಿಕಾ, ಹಾಲೇಶ್. ಆದರೆ ಹೊಸ್ತಿಲ ಮುಂದೆ ನಿಂತಿದ್ದವರು ಎದುರುಮನೆಯ ಭೀಮವ್ವ! ಇಳಕಲ್ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು, ಊಟಕ್ಕೆ ಹೋಗುವಾಗಿನ ರೂಢಿಯಂತೆ ಕೈಯಲ್ಲಿ ನೀರಿನ ಚರಿಗೆ ಹಿಡಿದಿದ್ದರು. ಹಿಂದೆ ಅವರ ಗಂಡ ಪಾಲಪ್ಪ, ಮೊಮ್ಮಕ್ಕಳು. ಅವರ ಹಿಂದೆ ಮೂಲೆಮನೆಯ ಟೇಲರ್ ರೇವಣಸಿದ್ದ, ಅವರ ಸಂಸಾರ. ಅವರ ಹಿಂದೆ ಇನ್ನೂ ಯಾರ್‍ಯಾರೋ ಚಪ್ಪಲಿ ಬಿಡುತ್ತಿದ್ದರು.

"ನಾವs ಮೊದಲ ಬಂದ್ವೇನವಾ?" ಎನ್ನುತ್ತ ಭೀಮವ್ವ ಒಳಗೆ ಬಂದೇಬಿಟ್ಟರು.

ಇದು ಇಟಲಿ ಊಟದ ಪಾರ್ಟಿ. ಒಂದು ವಾರದಿಂದ ಗಂಗಾ ಅದರ ಕನಸನ್ನೇ ಕಂಡಿದ್ದಳು. ಹಂಪಿಗೆ ಹೋದಾಗ ಅಪ್ಪ ಅವಳನ್ನೂ ಅಮ್ಮನನ್ನೂ ಒಂದು ಕೆಫೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಫಾರಿನ್ನಿನವರು ತಿನ್ನುತ್ತಿದ್ದ ಪಾಸ್ತಾವನ್ನು ಅಮ್ಮನೂ ರುಚಿ ನೋಡಿ, ಇದೇನು ಮಹಾ, ನಾನೂ ಮಾಡುತ್ತೇನೆ ಎಂದಿದ್ದರು. ಆ ಮಾತನ್ನು ಗಂಗಾ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ನಿಹಾರಿಕಾ ತೋರಣಗಲ್ಲಿನ ಟೌನ್‌ಶಿಪ್‌ನಿಂದ ಈ ವರ್ಷವಷ್ಟೇ ಹೊಸಪೇಟೆಗೆ ಬಂದವಳು. ತಮ್ಮ ಮನೆಯಲ್ಲಿ ಪ್ರತಿ ಸಂಡೇ ಪಾಸ್ತಾ ಎಂದು ಅವಳು ಕ್ಲಾಸಿನಲ್ಲಿ ಹೇಳಿದ ದಿನವೇ ಗಂಗಾ ಅವಳನ್ನು ಊಟಕ್ಕೆ ಕರೆದಿದ್ದಳು. ಪಡಸಾಲೆಯಲ್ಲಿ ಟೀಪಾಯಿಯ ಮೇಲೆ ಬಿಳಿ ಬೆಡ್‌ಶೀಟ್ ಹಾಸಿದ್ದಳು. ಫೋರ್ಕು ಜೋಡಿಸಿದ್ದಳು. ಇಟಲಿಯ ಬಾವುಟದಂತೆ ಹಸಿರು, ಬಿಳಿ, ಕೆಂಪು ಕಾಗದ ಕತ್ತರಿಸಿ, ದಾರಕ್ಕೆ ಅಂಟಿಸಿ ಬಾಗಿಲಿಗೆ ಕಟ್ಟಿದ್ದಳು.

ಈಗ ಆ ಬಿಳಿ ಬೆಡ್‌ಶೀಟಿನ ಮೇಲೆ ಭೀಮವ್ವನ ಮೊಮ್ಮಗ ಕುಳಿತು ಫೋರ್ಕಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ.

ಗಂಗಾ ಅಡುಗೆಮನೆಗೆ ಓಡಿದಳು. ಅಮ್ಮ ಅನ್ನಪೂರ್ಣ ಸೌಟು ಹಿಡಿದು ನಿಂತಿದ್ದರು. ಹೊರಗಿನ ಗದ್ದಲ ಕೇಳಿ ಅವರ ಮುಖದ ಬಣ್ಣವೇ ಇಳಿದುಹೋಗಿತ್ತು. ಒಲೆಯ ಮೇಲೆ ಇದ್ದದ್ದು ಎರಡು ಪ್ಯಾಕೆಟ್ ಪಾಸ್ತಾ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದರೆ ಇದೇ.

ಇಷ್ಟಕ್ಕೆಲ್ಲ ಕಾರಣರಾದವರು ಮಾತ್ರ ಬಚ್ಚಲ ಹತ್ತಿರ ನೆಮ್ಮದಿಯಾಗಿ ಕಾಲು ತೊಳೆಯುತ್ತಿದ್ದರು. ಅಜ್ಜಿ ಮರುಳಸಿದ್ದಮ್ಮ! ಕೈಯಲ್ಲಿ ಕುಂಕುಮದ ಭರಣಿ ಬೇರೆ. ಮಧ್ಯಾಹ್ನವೆಲ್ಲ ಮನೆಮನೆಗೂ ಹೋಗಿ, ಕುಂಕುಮ ಹಚ್ಚಿ, ಸಂಜೆ ಊಟಕ್ಕೆ ಬನ್ನಿ ಎಂದು ಓಣಿಗೆಲ್ಲ ಹೇಳಿ ಬಂದಿದ್ದರಂತೆ.

"ಯಾಕಜ್ಜಿ ಹಂಗ ಮಾಡಿದಿ?" ಗಂಗಾಗೆ ಅಳುವೇ ಬಂತು.

ಅಜ್ಜಿಗೆ ಆಶ್ಚರ್ಯವಾಯಿತು. "ಬಾಗ್ಲಿಗೆ ತೋರಣ ಕಟ್ಟಿದಾಕಿ ನೀನs ಅಲ್ಲೇನವಾ? ತೋರಣ ಕಟ್ಟಿ, ಓಣ್ಯಾಗ ಯಾರಿಗೂ ಹೇಳ್ದಂಗ ಬಾಗ್ಲಾ ಹಾಕ್ಕೊಂಡು ಉಂಡ್ರ ನಾಳೆ ನಾ ಮಂದಿಗೆ ಹೆಂಗ ಮಾರಿ ತೋರಿಸ್ಲಿ?"

ಅದು ತೋರಣವಲ್ಲ, ಇಟಲಿಯ ಬಾವುಟ ಎಂದು ಗಂಗಾ ಹೇಳಿದಳು. ಬಾಗಿಲಿಗೆ ಕಟ್ಟಿದ ಮೇಲೆ ಅದು ಯಾವ ದೇಶದ್ದಾದರೂ ತೋರಣವೇ ಎಂದು ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡರು.

ಅಷ್ಟರಲ್ಲಿ ಗಂಗಾಗೆ ಇನ್ನೊಂದು ವಿಷಯ ಹೊಳೆಯಿತು.

"ಅಜ್ಜಿ, ಹುಲಿಗಿ ಮನಿಗೂ ಹೇಳಿಯೇನು?"

"ಹೇಳದs ಇರ್ತೀನೇನ? ನಿನ್ನ ಗೆಳತಿ ಅಲ್ಲೇನ ಆಕಿ?"

ಹುಲಿಗೆಮ್ಮ ನಾಲ್ಕು ಮನೆ ಆಚೆಯವಳು. ಅವಳಮ್ಮ ಯಲ್ಲಕ್ಕ ಬಾಳೆತೋಟಕ್ಕೆ ಕೆಲಸಕ್ಕೆ ಹೋಗುತ್ತಾರೆ. ಅಂಬೆಗಾಲಿಡುವಾಗಿನಿಂದ ಗಂಗಾ ಮತ್ತು ಹುಲಿಗಿ ಒಟ್ಟಿಗೇ ಆಡಿದವರು. ಆದರೆ ಈ ಪಾರ್ಟಿಗೆ ಗಂಗಾ ಅವಳನ್ನು ಕರೆದಿರಲಿಲ್ಲ. ಹುಲಿಗಿಗೆ ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳುವ ಚಟ. ಪಾಸ್ತಾ ನೋಡಿದ ಕೂಡಲೇ, ಇದು ಶಾವಿಗೆ ಅಲ್ಲವಾ ಎಂದು ನಿಹಾರಿಕಾಳ ಮುಂದೆ ನಕ್ಕುಬಿಟ್ಟರೆ? ತಟ್ಟೆ ಎತ್ತಿ ಸೊರ್ ಎಂದು ಹೀರಿದರೆ?

ಕರೆಯದೇ ಇದ್ದದ್ದಷ್ಟೇ ಆಗಿದ್ದರೆ ಒಂದು ಮಾತು. ನಿನ್ನೆ ಹುಲಿಗಿ ಮರುದಿನದ ಕುಂಟಾಟಕ್ಕೆ ಕರೆದಾಗ, ನಾಳೆ ನಾವು ಊರಲ್ಲಿ ಇರುವುದಿಲ್ಲ, ಸಂಡೂರಿನ ಅತ್ತೆಯ ಮನೆಗೆ ಹೋಗುತ್ತೇವೆ ಎಂದು ಗಂಗಾ ಹೇಳಿದ್ದಳು. ರೆಪ್ಪೆ ಬಡಿಯದೆ ಹೇಳಿದ್ದಳು.

ಈಗ ಹುಲಿಗಿ ಬಂದರೆ ಏನು ಗತಿ?

ನಿಹಾರಿಕಾ, ಹಾಲೇಶ್ ಬಂದರು. ಪಡಸಾಲೆ ತುಂಬ ಜನ ಕಂಡು ನಿಹಾರಿಕಾ ಬಾಗಿಲಲ್ಲೇ ನಿಂತಳು. ಯಾರದಾದರೂ ಮದುವೆಯಾ ಎಂದು ಮೆಲ್ಲಗೆ ಕೇಳಿದಳು. ಹಾಲೇಶ್ ಮಾತ್ರ, ಮಸ್ತ್ ಐತಿ ಎನ್ನುತ್ತ ಪಾಲಪ್ಪನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ.

ಊಟ ಸಾಲುವುದಿಲ್ಲ ಎಂದು ಭೀಮವ್ವನಿಗೆ ತಿಳಿಯಲು ತಡವಾಗಲಿಲ್ಲ. ಯಾರೂ ಬೇಜಾರು ಮಾಡಿಕೊಳ್ಳಲೂ ಇಲ್ಲ. ಒಬ್ಬರು ಎದ್ದು ಹೋಗಿ ಜೋಳದ ರೊಟ್ಟಿ ತಂದರು, ಇನ್ನೊಬ್ಬರು ಶೇಂಗಾ ಚಟ್ನಿ ತಂದರು. ಅಮ್ಮ ಡಬ್ಬಿಯಲ್ಲಿದ್ದ ಶಾವಿಗೆಯನ್ನೂ ಬೇಯಿಸಿ, ಬಸಿದು, ಅದೇ ಟೊಮೆಟೊ ಸಾಸಿಗೆ ಹಾಕಿ ಕಲಸಿಬಿಟ್ಟರು. ರೇವಣಸಿದ್ದ ಆ ಸಾಸನ್ನು ರೊಟ್ಟಿಗೆ ಹಚ್ಚಿಕೊಂಡು, ಇಟಲಿಯವರ ಪಲ್ಯ ಛಲೋ ಐತಿ, ಉಪ್ಪು ಖಾರ ಚೂರು ಕಡಿಮೆ ಅಂದರು. ನಿಹಾರಿಕಾ ಕೂಡ ನಗುನಗುತ್ತ ಎರಡನೇ ಸಲ ಹಾಕಿಸಿಕೊಂಡಳು.

ಗಂಗಾಗೆ ಒಂದು ತುತ್ತೂ ಇಳಿಯಲಿಲ್ಲ. ಕಣ್ಣೆಲ್ಲ ಬಾಗಿಲ ಕಡೆಗೇ. ಹೊತ್ತು ಹೋಯಿತು, ಹುಲಿಗಿ ಬರಲಿಲ್ಲ. ಸದ್ಯ, ಬರಲಾರಳು ಎಂದು ಗಂಗಾ ಉಸಿರು ಬಿಟ್ಟು, ಫೋರ್ಕು ಎತ್ತಿಕೊಂಡಳು.

ಆಗಲೇ ಬಂದಳು.

ಹಬ್ಬದ ಲಂಗ ಹಾಕಿದ್ದಳು. ಮುಖ ತೊಳೆದಿದ್ದರೂ ಅತ್ತಿದ್ದು ಕಾಣುತ್ತಿತ್ತು. ಒಂದು ಕೆನ್ನೆ ಕೆಂಪಗಿತ್ತು. ಯಾಕೆ ಇಷ್ಟು ತಡ ಎಂದು ಅಜ್ಜಿ ಕೇಳಿದರು.

"ನೀವು ಕರಿಯಾಕ ಬಂದಿದ್ರಿ ಅಂತ ಅವ್ವ ಹೇಳಿದ್ಲು ಅಜ್ಜಿ. ನಾ ನಂಬಲಿಲ್ಲ," ಎಂದಳು ಹುಲಿಗಿ. "ಗಂಗಾ ಸಂಡೂರಿಗೆ ಹೋಗ್ಯಾಳ, ಆಕಿ ನನಗ ಸುಳ್ಳು ಹೇಳಂಗಿಲ್ಲ, ನೀನs ಸುಳ್ಳು ಹೇಳ್ತಿ ಅಂತ ಅವ್ವಗ ಅಂದೆ. ಅದಕ್ಕ ಎರಡು ಬಿಟ್ಟು ಕಳಿಸಿದ್ಲು."

ಆಮೇಲೆ ಗಂಗಾಳ ಕಡೆ ತಿರುಗಿದಳು. "ಸಂಡೂರಿಗೆ ಹೋಗೋದು ಕ್ಯಾನ್ಸಲ್ ಆತೇನ?"

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅನುಮಾನವೂ ಇರಲಿಲ್ಲ. ಗಂಗಾಗೆ ನಿಜವಾಗಿಯೂ ದಿಗಿಲಾದದ್ದು ಆಗ. ಓಣಿಯೆಲ್ಲ ಬಂದಾಗಲೂ ಇಷ್ಟು ದಿಗಿಲಾಗಿರಲಿಲ್ಲ. ಬೈಯುತ್ತಾಳೆ, ಜಗಳ ತೆಗೆಯುತ್ತಾಳೆ ಎಂದು ಕಾದಿದ್ದರೆ, ಹುಲಿಗಿ ಹೆತ್ತ ತಾಯಿಯ ಮಾತನ್ನು ಬಿಟ್ಟು ಗಂಗಾಳ ಮಾತನ್ನು ನಂಬಿ ಕುಳಿತಿದ್ದಳು.

ಹೂಂ ಎಂದರೆ ಸಾಕಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹುಲಿಗಿಯೂ ಪಕ್ಕದಲ್ಲಿ ಕುಳಿತು ಉಂಡುಬಿಡುತ್ತಿದ್ದಳು. ಅಜ್ಜಿ ಮಾತ್ರ ಗಂಗಾಳನ್ನೇ ನೋಡುತ್ತಿದ್ದರು.

"ಇಲ್ಲ ಹುಲಿಗಿ," ಎಂದಳು ಗಂಗಾ. "ಹೋಗೋದs ಇರ್ಲಿಲ್ಲ. ನಾ ಸುಳ್ಳು ಹೇಳಿದ್ದೆ."

ನಿಹಾರಿಕಾ ತಿನ್ನುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು. ಹುಲಿಗಿ ಕೆನ್ನೆ ಮುಟ್ಟಿಕೊಂಡಳು.

"ಹಂಗಾರ ಅವ್ವ ಖರೇನ ಹೇಳಿದ್ಲು," ಎಂದು ಮೆಲ್ಲಗೆ ಹೇಳಿ, ತಿರುಗಿ ಮೆಟ್ಟಿಲು ಇಳಿದಳು.

ಗಂಗಾ ತಟ್ಟೆ ಬಿಟ್ಟು ಎದ್ದಳು. ಪಾಸ್ತಾ ಆರಿಹೋಗುತ್ತದೆ ಎಂದು ನಿಹಾರಿಕಾ ಹೇಳಿದ್ದು ಕೇಳಿಸಿತು. ಬರಿಗಾಲಲ್ಲೇ ಓಡಿ ಹುಲಿಗಿಯನ್ನು ಕೂಡಿಕೊಂಡಳು. ನಾನೂ ಬರುತ್ತೇನೆ, ನಿಮ್ಮವ್ವನಿಗೆ ನಾನೇ ಹೇಳುತ್ತೇನೆ ಅಂದಳು. ಹುಲಿಗಿ ತಲೆ ತಗ್ಗಿಸಿ ನಡೆಯುತ್ತಲೇ ಇದ್ದಳು.

ಯಲ್ಲಕ್ಕನೊಬ್ಬರನ್ನು ಬಿಟ್ಟು ಎಲ್ಲರೂ ಗಂಗಾಳ ಮನೆಯಲ್ಲೇ ಇದ್ದುದರಿಂದ ಓಣಿ ಬಿಕೋ ಎನ್ನುತ್ತಿತ್ತು. ಯಲ್ಲಕ್ಕ ಬೈದರೆ ಏನು ಮಾಡುವುದು ಎಂದು ಗಂಗಾಗೆ ಹೆದರಿಕೆಯಾಯಿತು. ಬೈದರೆ ಬೈಯಲಿ. ಹುಲಿಗಿಗೆ ಬಿದ್ದ ಏಟು ತನಗೆ ಬೀಳಬೇಕಾಗಿದ್ದದ್ದು.

ಹುಲಿಗಿಯ ಮನೆಯ ಬಾಗಿಲು ಮುಚ್ಚಿತ್ತು. ಹುಲಿಗಿ ಅದನ್ನು ತಳ್ಳದೆ ಪಕ್ಕಕ್ಕೆ ಸರಿದು ನಿಂತಳು.

ಗಂಗಾ ಲಂಗಕ್ಕೆ ಕೈ ಒರೆಸಿಕೊಂಡು ತಾನೇ ಚಿಲಕ ಬಡಿದಳು.

"ಯಲ್ಲಕ್ಕಾ, ನಾ ಗಂಗಾ. ನಿಮಗೊಂದು ಮಾತು ಹೇಳೋದೈತಿ."