ನಾಲ್ಕೂವರೆ ರೈಲು ಹತ್ತಿದ ಸುಳ್ಳುಗಳು

ಊರಿಗಾಂ ವಾಚನಾಲಯದ ಕಪ್ಪು ಹಲಗೆಯ ಮೇಲೆ ರಾಧಾಮಣಿ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಒಂದು ಅಪರೂಪದ ಇಂಗ್ಲಿಷ್ ಪದ ಬರೆಯುತ್ತಿದ್ದಳು. ಅರ್ಥ ಬರೆಯುವುದು ಸಂಜೆ ಐದಕ್ಕೆ. ನಡುವಿನ ಎಂಟು ಗಂಟೆಯಲ್ಲಿ ಓದುಗರು ಡಿಕ್ಷನರಿ ತೆಗೆದು ಹುಡುಕಲಿ ಎಂಬುದು ಅವಳ ಆಸೆ. ಏಳು ವರ್ಷದಲ್ಲಿ ಯಾರೂ ಹುಡುಕಿರಲಿಲ್ಲ.

ಆ ಸೋಮವಾರದ ಪದ ‘ಗಾಂಗೂಜ್ಲರ್’. ನಾಲ್ಕು ಗಂಟೆಗೆ ನೋಡಿದರೆ, ಪದದ ಕೆಳಗೆ ದುಂಡು ಅಕ್ಷರದಲ್ಲಿ ಅರ್ಥ ಬಂದು ಕೂತಿತ್ತು: ‘ಪಾನಿಪೂರಿ ಗಾಡಿಯ ಮುಂದೆ ನಿಂತು, ತಾನು ತಿನ್ನದೆ, ತಿನ್ನುವವರ ಬಾಯಿ ನೋಡುವವನು.’

“ಯಾರ್ ಸಾರ್ ಇದನ್ನ ಬರ್ದಿದ್ದು?”

ಕಿಟಕಿಯ ಪಕ್ಕ ಕುಳಿತಿದ್ದ ಯುವಕ ಎದ್ದು ನಿಂತ. ಕಾರ್ಖಾನೆಯ ನೀಲಿ ಅಂಗಿ, ಬೆರಳ ತುದಿಯಲ್ಲಿ ಸೀಮೆಸುಣ್ಣ. ತಪ್ಪಿಸಿಕೊಳ್ಳುವ ಪ್ರಯತ್ನವನ್ನೇ ಮಾಡಲಿಲ್ಲ.

“ನಾನ ಬರದೀನ್ರಿ. ತಪ್ಪಾತೇನ್ರಿ?”

“ಡಿಕ್ಷನರೀಲಿ ಅಂಗೆ ಇದ್ಯಾ?”

“ಡಿಕ್ಷನರಿ ನೋಡಿಲ್ರಿ. ಪದ ಕೇಳಿದ್ರ ಹಂಗ ಅನಸ್ತು.”

“ಗಾಂಗೂಜ್ಲರ್ ಅಂದ್ರೆ ಕಾಲುವೆ ದಡದಾಗೆ ನಿಂತ್ಕೊಂಡು ಓಗೋ ದೋಣಿಗಳನ್ನ ಸುಮ್ನೆ ನೋಡೋನು.”

ಅವನು ಗಂಭೀರವಾಗಿ ಯೋಚಿಸಿದ. “ಈ ಕಡೆ ಕಾಲುವೆ ಇಲ್ಲ, ದೋಣಿ ಇಲ್ಲ. ಬಂಗಾರಪೇಟೆ ಪಾನಿಪೂರಿ ಅದ. ಅಲ್ಲೇನ್ರಿ?”

ಮೂಲೆಯಲ್ಲಿ ತಮಿಳು ಪೇಪರ್ ಓದುತ್ತಿದ್ದ ಮುನಿಸ್ವಾಮಪ್ಪ ಗಹಗಹಿಸಿ ನಕ್ಕರು. ಮೂವತ್ತು ವರ್ಷ ಇಲ್ಲಿನ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಅವರು ವಾಚನಾಲಯದಲ್ಲಿ ಅಷ್ಟು ಜೋರಾಗಿ ನಕ್ಕದ್ದನ್ನು ರಾಧಾಮಣಿ ಕಂಡಿರಲಿಲ್ಲ. “ಬಿಡಮ್ಮಾ, ಸುಳ್ಳಾದ್ರೂ ಲಕ್ಷಣವಾಗೈತೆ,” ಎಂದರು.

ರಾಧಾಮಣಿ ನಗು ತಡೆಯಲು ಮುಖ ತಿರುಗಿಸಿದಳು. ತಡವಾಗಿತ್ತು. ಅವನು ನೋಡಿಬಿಟ್ಟಿದ್ದ.

ಹೆಸರು ನವನೀತ್. ಊರು ಗದಗ. ಮೂರು ವರ್ಷದಿಂದ ಇಲ್ಲಿನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ. ಮೂರೂವರೆಗೆ ಪಾಳಿ ಮುಗಿದರೆ ನಾಲ್ಕಕ್ಕೆ ವಾಚನಾಲಯ. ಮರುದಿನವೂ ಬಂದ. ಮರುದಿನದ ಪದ ‘ಬೋರ್ಬೊರಿಗ್ಮಸ್’. ನಿಜವಾದ ಅರ್ಥ, ಹೊಟ್ಟೆಯ ಗುಡುಗುಡು ಸದ್ದು. ನವನೀತ್ ಬರೆದದ್ದು: ‘ಮೇಸ್ತ್ರಿ ಬೈಯುವಾಗ ಹೆಲ್ಮೆಟ್ಟಿನೊಳಗೆ ಕೇಳುವ ಶಬ್ದ.’

ಎರಡನೇ ವಾರ ಅವಳೂ ಸೀಮೆಸುಣ್ಣ ಹಿಡಿದಳು. ‘ವಿಡರ್‌ಶಿನ್ಸ್’ ಎಂದರೆ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವುದು. ರಾಧಾಮಣಿ ಬರೆದಳು: ‘ಮದುವೆ ಊಟದಲ್ಲಿ ಇನ್ನೊಂದು ಸಲ ಪಾಯಸ ಕೇಳಲು ನಾಚಿ, ಖಾಲಿ ಎಲೆಯನ್ನೇ ದಿಟ್ಟಿಸುವುದು.’

ನವನೀತ್ ಓದಿದ. ಮತ್ತೊಮ್ಮೆ ಓದಿದ. “ಇದು ನನಗಿಂತ ಛಲೋ ಸುಳ್ಳು,” ಎಂದ. ಆ ದಿನ ಮನೆಗೆ ನಡೆಯುವಾಗ ರಾಧಾಮಣಿ ಆ ವಾಕ್ಯವನ್ನು ಮೂರು ಸಲ ನೆನೆಸಿಕೊಂಡಳು.

‘ಫಿಲ್ಟ್ರಮ್’ ಬರೆದ ದಿನ ಅವನು ನಿಜವಾದ ಅರ್ಥವನ್ನು ಮೊದಲೇ ಕೇಳಿದ. ಹೇಳುವ ಬದಲು ಅವಳು ಬೆರಳಿಟ್ಟು ತೋರಿಸಿದಳು: ಮೂಗಿನ ಕೆಳಗೆ, ಮೇಲ್ದುಟಿಯ ನಡುವಿನ ಸಣ್ಣ ತಗ್ಗು. ಅವನು ನೋಡಿದ. ನೋಡುತ್ತಲೇ ಇದ್ದ.

“ಬರೀರಿ ಸಾರ್, ಟೈಮಾಯ್ತು.”

“ಇವತ್ತ ಸುಳ್ಳು ಹೊಳೀವಲ್ದು.”

ಹಲಗೆಯಲ್ಲಿ ಆ ಜಾಗ ಐದರವರೆಗೂ ಖಾಲಿ ಉಳಿಯಿತು. ರಾಧಾಮಣಿ ಒಂದೇ ರಿಜಿಸ್ಟರನ್ನು ಎರಡು ಸಲ ಒರೆಸಿಟ್ಟಳು.

ಇಬ್ಬರಿಗೂ ಒಂದು ವಿಷಯ ಹೊಳೆದಿರಲಿಲ್ಲ. ಪರೀಕ್ಷೆಗೆ ಓದುವ ಹನ್ನೆರಡು ಮಂದಿ ಬಂಗಾರಪೇಟೆ ಕಡೆಯಿಂದ ಬರುತ್ತಿದ್ದರು. ಅವರೆಲ್ಲ ಹಲಗೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ನಾಲ್ಕೂವರೆ ರೈಲು ಹಿಡಿಯುತ್ತಿದ್ದರು. ಐದಕ್ಕೆ ನಿಜವಾದ ಅರ್ಥ ಬರೆಯುವ ಹೊತ್ತಿಗೆ ಅವರು ಊರು ಸೇರಿರುತ್ತಿದ್ದರು. ಮೊದಲೆಲ್ಲ ಮರುದಿನ ಹಲಗೆ ಒರೆಸುವ ಮೊದಲೇ ಬಂದು, ಹಿಂದಿನ ದಿನದ ಅರ್ಥ ನೋಡಿ ಬರೆದುಕೊಳ್ಳುತ್ತಿದ್ದರು. ಈಗ ನಾಲ್ಕಕ್ಕೇ ಅರ್ಥ ಸಿಗುತ್ತಿದೆ ಎಂದು ಖುಷಿಯಾಗಿದ್ದರು.

ಮೂವತ್ತನಾಲ್ಕು ಪದಗಳು ಹಾಗೆ ರೈಲು ಹತ್ತಿದ ಮೇಲೆ, ಆ ಹನ್ನೆರಡು ಮಂದಿಯಲ್ಲೊಬ್ಬಳಾದ ಆಶಾರಾಣಿ ಅಳುತ್ತ ಬಂದಳು. ಬಂಗಾರಪೇಟೆಯ ಒಂದು ಕೋಚಿಂಗ್ ಸೆಂಟರ್‌ನ ಪದಸ್ಪರ್ಧೆಯಲ್ಲಿ ಅವಳು ಕೊನೆಯ ಸುತ್ತಿನವರೆಗೆ ಹೋಗಿದ್ದಳು. ಕೊನೆಯ ಪದ ವಿಡರ್‌ಶಿನ್ಸ್. ಮೈಕಿನಲ್ಲಿ ಧೈರ್ಯವಾಗಿ ಪಾಯಸದ ವಿಷಯ ಹೇಳಿದ್ದಳು.

“ಎಲ್ಲಾ ಬಿದ್ದು ಬಿದ್ದು ನಕ್ಕುಬುಟ್ರು ಅಕ್ಕಾ. ನಿಮ್ ಬೋರ್ಡು ಅಂತ ನಂಬಿದ್ದೆ.”

ಸಂಜೆಯೇ ವಾಚನಾಲಯದ ಕಾರ್ಯದರ್ಶಿ ಕದಿರಪ್ಪ ಬಂದರು. “ಬರೋ ಭಾನ್ವಾರದ ಮುಂದಿನ ಭಾನ್ವಾರ ಕಮಿಟಿ ಕೂರ್ತೈತೆ. ನೀನು ಉತ್ರ ಕೊಡ್ಬೇಕಮ್ಮಾ. ಸರಿಯಿಲ್ದಿದ್ರೆ ಬೀಗದ ಕೈ ಕೊಟ್ಟು ಓಗ್ಬೇಕಾಗ್ತೈತೆ.”

ರಾಧಾಮಣಿ ನವನೀತ್‌ಗೆ ಹೇಳಿದ್ದು ಇಷ್ಟೇ: “ನೀವಿನ್ನು ಬರ್ಬೇಡಿ ಸಾರ್.” ಅವನು “ಆತ್ರಿ,” ಎಂದು ಹೊರಟುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬರಬೇಡ ಎಂದವಳು ತಾನೇ ಎಂಬುದು ಗೊತ್ತಿದ್ದೂ, ನಾಲ್ಕು ಗಂಟೆಗೆ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

ಕಮಿಟಿಯ ಹಿಂದಿನ ದಿನ, ಆಶಾರಾಣಿಯ ಮನೆಯವರ ಹತ್ತಿರ ಕ್ಷಮೆ ಕೇಳಲು ಅವಳು ವಾಚನಾಲಯವನ್ನು ಮುನಿಸ್ವಾಮಪ್ಪನವರಿಗೆ ಒಪ್ಪಿಸಿ ನಾಲ್ಕೂವರೆ ರೈಲು ಹತ್ತಿದಳು. ಕೋರಮಂಡಲ್ ದಾಟಿತು. ಮುಂದಿನ ಸೀಟುಗಳಿಂದ ನಗು ಕೇಳಿತು. ಎದ್ದು ಹೋಗಿ ನೋಡಿದಳು.

ಸೀಟು ಸಿಗದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ನವನೀತ್. ತೊಡೆಯ ಮೇಲೆ ನೋಟ್‌ಬುಕ್ಕುಗಳ ರಾಶಿ, ಕೈಯಲ್ಲಿ ಕೆಂಪು ಪೆನ್ನು. ಸುತ್ತಲೂ ಅದೇ ಓದುಗರು.

“ಇಲ್ಲೇನ್ ಮಾಡ್ತಿದ್ದೀರಾ?”

ಅವನು ತಲೆಯೆತ್ತಿದ. ಸಿಕ್ಕಿಬಿದ್ದ ಹುಡುಗನಂತೆ ಕೆಂಪಾದ. “ನಮ್ಮ ಫ್ಯಾಕ್ಟರ್‍ಯಾಗ ಒಂದು ಕೆಟ್ಟ ಬೋಲ್ಟು ಹೊರಗ ಹೋತಂದ್ರ, ಅದು ಎಲ್ಲೆಲ್ಲಿ ಹೋಗೇದೋ ಅಲ್ಲಿಗೇ ಹೋಗಿ ಬದಲಿ ಹಾಕಿ ಬರಬೇಕ್ರಿ. ಬೋಲ್ಟಿಗೇ ಅಷ್ಟ ಇರ್ಬೇಕಾದ್ರ...”

“ಎಷ್ಟ್ ದಿನದಿಂದ?”

“ಹತ್ತು ದಿನಾ ಆತಕ್ಕಾ,” ಆಶಾರಾಣಿ ಅವನ ಮಾತನ್ನೇ ಅಣಕಿಸಿದಳು. “ದಿನಾ ಬತ್ತಾರೆ. ಸುಳ್ಳು ಅಳ್ಸಲ್ಲ, ಪಕ್ಕದಾಗೆ ನಿಜ ಬರೀತಾರೆ. ಎರಡೂ ಕೇಳ್ತಾರೆ. ತಪ್ಪು ಏಳಿದ್ರೆ ಮಿಠಾಯಿ ಇಲ್ಲ.”

ರಾಧಾಮಣಿ ನೆಲದ ಮೇಲೆ ಅವನ ಪಕ್ಕದಲ್ಲೇ ಕುಳಿತಳು. “ಅರ್ಧ ರಾಶಿ ಈಕಡೆ ಕೊಡಿ,” ಎಂದಳು. ಬಂಗಾರಪೇಟೆ ಬರುವವರೆಗೆ ಇಬ್ಬರೂ ಒಂದೇ ಕೆಂಪು ಪೆನ್ನಿನಲ್ಲಿ ತಿದ್ದಿದರು. ಪೆನ್ನು ಕೈಯಿಂದ ಕೈಗೆ ಹೋಗಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು.

ಆ ಸಂಜೆ ಆಶಾರಾಣಿಯ ಮನೆಯಲ್ಲಿ ಕ್ಷಮೆ ಕೇಳಿದ ರಾಧಾಮಣಿ, ಭಾನುವಾರ ಕಮಿಟಿಯ ಮುಂದೆಯೂ ತಪ್ಪು ಒಪ್ಪಿಕೊಂಡಳು. ನಂತರ ಆಶಾರಾಣಿ ಎದ್ದು, “ಯಾವ್ದಾದ್ರೂ ಪದ ಕೇಳಿ ಸಾರ್,” ಎಂದಳು. ಕದಿರಪ್ಪ ಪಟ್ಟಿ ಹಿಡಿದು ಒಂದೊಂದಾಗಿ ಕೇಳಿದರು. ಹನ್ನೆರಡು ಮಂದಿಯೂ ಮೂವತ್ತನಾಲ್ಕಕ್ಕೂ ಸರಿಯಾಗಿ ಹೇಳಿದರು. ಹದಿನೈದನೇ ಪದದ ಹೊತ್ತಿಗೆ ಕದಿರಪ್ಪ ನಿಜ ಬಿಟ್ಟು ಸುಳ್ಳನ್ನು ಮೊದಲು ಕೇಳತೊಡಗಿದ್ದರು. ಹಲಗೆ ಇರಲಿ, ಆದರೆ ಸುಳ್ಳಿನ ಮೇಲೆ ‘ಸುಳ್ಳು’ ಎಂದು ಬರೆಯಬೇಕು ಎಂದು ಠರಾವಾಯಿತು. ಬೀಗದ ಕೈ ರಾಧಾಮಣಿಯ ಬಳಿಯೇ ಉಳಿಯಿತು.

ಹೊರಗೆ ಬಂದಾಗ ಅವಳು ನವನೀತ್‌ನನ್ನು ತಡೆದಳು. “ಅಮ್ಮ ಊಟಕ್ಕೆ ಕರ್ದವ್ರೆ. ಇವತ್ತೇ. ಅವರಿಗೆ ತಮಿಳಲ್ಲಿ ಮಾತಾಡಿದ್ರೆ ಇಷ್ಟ. ಒಂದು ಮಾತು ಕಲ್ಸಿಕೊಡ್ತೀನಿ, ಊಟ ಆದ್ಮೇಲೆ ಅದನ್ನ ಏಳಿ.”

“ಅರ್ಥ?”

“ಊಟ ತುಂಬಾ ಚೆನ್ನಾಗಿತ್ತು ಅಂತ.” ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ.

ಚಾಂಪಿಯನ್ ರೀಫ್ಸ್‌ನ ಆ ಪುಟ್ಟ ಮನೆಯಲ್ಲಿ ನವನೀತ್ ಎರಡು ಸಲ ಸಾರು ಹಾಕಿಸಿಕೊಂಡ. ಕೊನೆಗೆ ಬೆನ್ನು ನೆಟ್ಟಗೆ ಮಾಡಿ, ರಾಧಾಮಣಿಯ ತಾಯಿ ಕನಕಮ್ಮನ ಕಡೆ ತಿರುಗಿ, ಕಲಿತದ್ದನ್ನು ಸ್ಪಷ್ಟವಾಗಿ ಒಪ್ಪಿಸಿದ: “ಉಂಗ ಪೊಣ್ಣ ಎನಕ್ಕು ಕಟ್ಟಿಕ್ಕುಡುಪ್ಪೀಂಗಳಾ?”

ಕನಕಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಮಗಳನ್ನು ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ರಾಧಾಮಣಿ ಸೆರಗು ಕಚ್ಚಿ ನಿಂತಿದ್ದಳು.

“ಏನಪ್ಪಾ, ನನ್ನ ಮಗಳನ್ನ ಮದ್ವೆ ಮಾಡಿಕೊಡ್ತೀರಾ ಅಂತ ಕೇಳ್ತಿದ್ದೀಯ. ಗೊತ್ತಿದ್ದು ಕೇಳ್ತಿದ್ದೀಯಾ, ಇವಳೇನಾದ್ರೂ ಏಳ್ಕೊಟ್ಳಾ?”

“ಆಕೀನ ಹೇಳಿಕೊಟ್ಟಾಳ್ರಿ ಅಮ್ಮಾ. ಆದ್ರ ಫ್ಯಾಕ್ಟರ್‍ಯಾಗ ನನ್ನ ಟೇಬಲ್ ಬಾಜೂಕ ಕೂಡೋ ಸೆಲ್ವರಾಜಣ್ಣ ಮೂರು ವರ್ಷದಿಂದ ತಮಿಳೊಳಗ ಮಾತಾಡ್ತಾರ.” ನವನೀತ್ ಬಾಗಿಲ ಕಡೆ ನೋಡಿದ. “ಆಕಿ ಹೇಳಿಕೊಟ್ಟ ಕೂಡ್ಲೇ ತಿಳೀತು. ದಾರಿ ತುಂಬಾ ಬಾಯಿಪಾಠ ಮಾಡಿಕೋತ ಬಂದೀನಿ, ಒಂದಕ್ಷರಾನೂ ತಪ್ಪಬಾರ್ದಂತ.”

“ಗೊತ್ತಿತ್ತಾ!” ರಾಧಾಮಣಿಯ ಬಾಯಿಂದ ಸೆರಗು ಜಾರಿತು. “ಗೊತ್ತಿದ್ದೂ ಸುಮ್ನೆ ಬಂದ್ರಾ?”

“ಸುಮ್ಮನ ಎಲ್ಲಿ ಬಂದೆ? ಕೇಳಾಕ ಬಂದೀನಿ.”

ಕನಕಮ್ಮ ಸೌಟನ್ನು ಪಾತ್ರೆಗೆ ಇಳಿಸಿ, ಕೈ ಒರೆಸಿಕೊಂಡು, ಫೋನ್ ತೆಗೆದರು. “ನಿಮ್ಮಮ್ಮನ ನಂಬರ್ ಕೊಡು. ಗದಗಿನ ಮಾತಲ್ಲಿ ಎಂಗೆ ಕೇಳ್ಬೇಕು ಅದೂ ಏಳ್ಕೊಡು.”

“ನಿಮ್ಮ ಮಗನ್ನ ನಮಗ ಕೊಡ್ತೀರೇನ್ರಿ.”

“ನಿಮ್ ಮಗನ್ನ ನಮಗ ಕೊಡ್ತೀರೇನ್ರಿ,” ಎಂದು ಕನಕಮ್ಮ ಒಮ್ಮೆ ಹೇಳಿ ನೋಡಿದರು. ಇನ್ನೊಮ್ಮೆ ಹೇಳಿದರು. ಆಮೇಲೆ, ಗದಗಿನಲ್ಲಿ ಫೋನ್ ರಿಂಗಾಗುತ್ತಿದ್ದಂತೆ, ಇಬ್ಬರನ್ನೂ ಸುಮ್ಮನಿರಿ ಎಂದು ಕೈಸನ್ನೆ ಮಾಡಿದರು. ಅವರಿಬ್ಬರಿಗೆ ಸುಮ್ಮನಿರಲು ಆಗಲಿಲ್ಲ.